ಟೂ-ಸ್ಟ್ರೋಕ್ ಸ್ಲೆಡ್‌ಗೆ ಹೊಸ ಪಿಸ್ಟನ್, ರನ್ನಿಂಗ್-ಇನ್, ಆಮೇಲೆ ಟರ್ಬೋ

ಕೆಲಸ ಒಂದು ಹದಕ್ಕೆ ಬಂದಿದೆ. ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ, ಸ್ಲೆಡ್ ಅಂತಲೂ ಕರೆಯುತ್ತಾರೆ) ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಕಿ, ರನ್ನಿಂಗ್-ಇನ್ (ಹೊಸ ಭಾಗಗಳು ಹೊಂದಿಕೊಳ್ಳುವವರೆಗೆ ಹದವಾಗಿ ಓಡಿಸುವುದು) ಮುಗಿಸಿ, ಅದರ ಮೇಲೆ ಟರ್ಬೋ (ಎಕ್ಸಾಸ್ಟ್ ಹೊಗೆಯ ಬಲದಿಂದ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಕೂರಿಸಿದ್ದಾಯಿತು. ಈಗ 6 ಪಿಎಸ್‌ಐ ಬೂಸ್ಟ್‌ನಲ್ಲಿ, ಅಂದರೆ ಟರ್ಬೋ ಕೊಡುವ ಅಷ್ಟು ಹೆಚ್ಚುವರಿ ಗಾಳಿಯ ಒತ್ತಡದಲ್ಲಿ, ಓಡುತ್ತಿದೆ. ಅಮೆರಿಕ, ಕೆನಡಾದ ಹಿಮದ ಊರುಗಳಲ್ಲಿರುವ ಕೆಲವು ಕನ್ನಡದ ಗೆಳೆಯರು "ಹೇಗೆ ಮಾಡಿದಿರಿ, ಎಷ್ಟು ಖರ್ಚಾಯಿತು" ಅಂತ ಕೇಳುತ್ತಲೇ ಇದ್ದರು. ಊರಲ್ಲಿ ಟೂ-ಸ್ಟ್ರೋಕ್ ಬೈಕ್ ಇಟ್ಟುಕೊಂಡಿರುವವರಿಗೂ ಇದರಲ್ಲಿ ಉಪಯೋಗಕ್ಕೆ ಬರುವ ಸಂಗತಿಗಳಿವೆ. ಹಾಗಾಗಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ವಿಷಯ. 800 ಸಿಸಿ, ಎರಡು ಸಿಲಿಂಡರ್, ಟೂ-ಸ್ಟ್ರೋಕ್, ಫ್ಯೂಯಲ್ ಇಂಜೆಕ್ಷನ್. ಬೋರ್ 85 ಮಿ.ಮೀ., ಸ್ಟ್ರೋಕ್ 70 ಮಿ.ಮೀ. ಮುಂದೆ ಎರಡು ಸ್ಕೀ, ಹಿಂದೆ 155 ಇಂಚಿನ ರಬ್ಬರ್ ಟ್ರ್ಯಾಕ್. ಗೇರ್ ಹಾಕುವ ಕೆಲಸ ಇಲ್ಲ. ಕೈನೆಟಿಕ್ ಹೋಂಡಾದಲ್ಲಿ ಇದ್ದಂಥ ಬೆಲ್ಟ್ ಮತ್ತು ವೇರಿಯೇಟರ್ ಪದ್ಧತಿಯೇ ಇಲ್ಲೂ ಇದೆ, ಅಳತೆ ಮಾತ್ರ ತುಂಬಾ ದೊಡ್ಡದು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು.

ನಾನು ಓಡಿಸುವುದು ಯೂಟಾದ ಯುಇಂಟಾ ಬೆಟ್ಟಗಳಲ್ಲಿ. ಕಾಮಸ್ ಊರಿನಿಂದ ಮಿರರ್ ಲೇಕ್ ಕಡೆ ಹೋಗುವ 150ನೇ ನಂಬರ್ ರಸ್ತೆಯನ್ನು ಚಳಿಗಾಲದಲ್ಲಿ ಕಾರುಗಳಿಗೆ ಮುಚ್ಚುತ್ತಾರೆ. ಹಿಮ ಸಮ ಮಾಡಿ ಸ್ಲೆಡ್‌ಗಳಿಗೆ ಬಿಡುತ್ತಾರೆ. ಮಿರರ್ ಲೇಕ್ ಇರುವುದು ಸುಮಾರು 10,000 ಅಡಿ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿ 6,330 ಅಡಿ. ಅಂದರೆ ಅದರ ಮೇಲೆ ಇನ್ನೂ ಅರ್ಧಕ್ಕಿಂತ ಜಾಸ್ತಿ ಹತ್ತಬೇಕು.

ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 10.1 ಪಿಎಸ್‌ಐ. ಸಮುದ್ರಮಟ್ಟದಲ್ಲಿ 14.7. ಸಾವಿರ ಅಡಿ ಹತ್ತಿದಂತೆಲ್ಲ ಎಂಜಿನ್ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ 150 ಹಾರ್ಸ್‌ಪವರ್ ಕೊಡುವ ಎಂಜಿನ್ ಅಲ್ಲಿ 105ರ ಆಸುಪಾಸು ಕೊಡುತ್ತದೆ. ಈ 4.6 ಪಿಎಸ್‌ಐ ಕೊರತೆ ತುಂಬಿದರೆ ಸಾಕು, ಎಂಜಿನ್ ತನ್ನ ಮೂಲ ಶಕ್ತಿಗೆ ಬರುತ್ತದೆ. ನನಗೆ ಟರ್ಬೋ ಬೇಕಾಗಿದ್ದು ಇಷ್ಟಕ್ಕೇ. ಸ್ಕೀ-ಡೂ 2020ರ ಮಾಡೆಲ್‌ನಲ್ಲಿ ಕಾರ್ಖಾನೆಯಿಂದಲೇ ಟರ್ಬೋ ಇರುವ ಟೂ-ಸ್ಟ್ರೋಕ್ ಸ್ಲೆಡ್ ತಂದಿದ್ದೂ ಇದೇ ಕಾರಣಕ್ಕೆ. ಅಂಥ ಹೊಸ ಗಾಡಿಯ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ.

ಹಂತ 1: ಕಂಪ್ರೆಷನ್ ನೋಡಿ ಬಿಚ್ಚಿದ್ದು (ಸೆಪ್ಟೆಂಬರ್)

ಟರ್ಬೋ ಕಿಟ್ ಹುಡುಕುವ ಮುಂಚೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಎಬ್ಬಿಸುವ ಒತ್ತಡ, ನೋಡಿದೆ. ಎಂಜಿನ್ ಬಿಸಿ ಮಾಡಿ, ಎರಡೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು ಗೇಜ್ ಹಾಕಿದರೆ ಎರಡು ಸಿಲಿಂಡರ್ ನಡುವೆ 18 ಪಿಎಸ್‌ಐ ವ್ಯತ್ಯಾಸ. 5ರ ಒಳಗಿದ್ದರೆ ನೆಮ್ಮದಿ. 10 ದಾಟಿದರೆ ಬಿಚ್ಚಲೇಬೇಕು. ಎತ್ತರದ ಊರಲ್ಲಿ ಗೇಜಿನ ನಂಬರ್ ಕಮ್ಮಿಯೇ ತೋರಿಸುತ್ತದೆ, ಅದಕ್ಕೆ ಹೆದರುವುದು ಬೇಡ. ಎರಡರ ನಡುವಿನ ವ್ಯತ್ಯಾಸ ಮುಖ್ಯ.

ಹೆಡ್ ಮತ್ತು ಸಿಲಿಂಡರ್ ಎತ್ತಿದ ಮೇಲೆ ಕ್ಲಚ್ ಕಡೆಯ ಪಿಸ್ಟನ್ ಕಂಡಿತು. ಎಕ್ಸಾಸ್ಟ್ ಪೋರ್ಟ್ ಎದುರಿನ ಮೈಮೇಲೆ ಉದ್ದುದ್ದ ಗೀರು. ಬೆರಳಿನ ಉಗುರು ಅಡ್ಡಡ್ಡ ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಸಿಲಿಂಡರ್ ಗೋಡೆಗೂ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಇನ್ನೊಂದು ಪಿಸ್ಟನ್ ಹೊಸದರ ಹಾಗೇ ಇತ್ತು.

ಇಲ್ಲಿ ಒಂದು ಮಾತು. ಪಿಸ್ಟನ್ ಬದಲಿಸುವುದು ದೊಡ್ಡ ಕೆಲಸವಲ್ಲ. ಒಂದೇ ಪಿಸ್ಟನ್ ಯಾಕೆ ಹಾಳಾಯಿತು ಅಂತ ತಿಳಿಯದೆ ಹೊಸದು ಹಾಕಿದರೆ ಅದೂ ಹಾಗೇ ಹೋಗುತ್ತದೆ. ಅದರ ಮೇಲೆ ಟರ್ಬೋ ಹಾಕಿದರೆ ಇನ್ನೂ ಬೇಗ ಹೋಗುತ್ತದೆ.

ಆದ್ದರಿಂದ ಸಿಲಿಂಡರ್‌ಗಳನ್ನು ಹಾಗೇ ವಾಪಸ್ ಕೂರಿಸಿ, ಇನ್‌ಟೇಕ್ ಮತ್ತು ಎಕ್ಸಾಸ್ಟ್ ಬಾಯಿಗಳಿಗೆ ರಬ್ಬರ್ ಬಿರಡೆ ಹಾಕಿ ಬಿಗಿದು, ಕೈಪಂಪಿನಿಂದ 6 ಪಿಎಸ್‌ಐ ಗಾಳಿ ತುಂಬಿದೆ. ಐದು ನಿಮಿಷ ಮುಳ್ಳು ಅಲ್ಲಾಡಬಾರದು. ಒಂದು ನಿಮಿಷದೊಳಗೆ 3ಕ್ಕೆ ಇಳಿಯಿತು. ಪ್ರೈಮರಿ ಕ್ಲಚ್ (ಎಂಜಿನ್ ತುದಿಯಲ್ಲಿ ಬೆಲ್ಟ್ ತಿರುಗಿಸುವ ರಾಟೆ) ಕಳಚಿ, ಕ್ರ್ಯಾಂಕ್ ಸೀಲ್ ಸುತ್ತ ಸೋಪಿನ ನೀರು ಹಚ್ಚಿದಾಗ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ಕಾರಣ ಸಿಕ್ಕಿತು. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಕ್ರ್ಯಾಂಕ್‌ಕೇಸ್ ಮೂಲಕವೇ ಮೇಲೆ ಹೋಗುತ್ತದೆ. ಸೀಲ್ ಸೋರಿದರೆ ಆ ಕಡೆಯ ಸಿಲಿಂಡರ್‌ಗೆ ಲೆಕ್ಕವಿಲ್ಲದ ಗಾಳಿ ಸೇರುತ್ತದೆ, ಪೆಟ್ರೋಲ್ ಕಮ್ಮಿ ಬೀಳುತ್ತದೆ, ಪಿಸ್ಟನ್ ಕಾಯುತ್ತದೆ.

ಈ ಸೀಲ್ ಹೊರಗಿನಿಂದ ಬದಲಿಸುವ ಥರದ್ದಲ್ಲ. ಎರಡು ಕೇಸ್ ನಡುವೆ ಸಿಕ್ಕಿಸಿರುತ್ತಾರೆ. ಹಾಗಾಗಿ ಎಂಜಿನ್ ಇಳಿಸಿ, ಕೇಸ್ ಬಿಡಿಸಲೇಬೇಕಾಯಿತು.

ಹಂತ 2: ಅಳತೆ ಮತ್ತು ಜೋಡಣೆ (ಅಕ್ಟೋಬರ್)

ಊರಿನ ಮೆಕ್ಯಾನಿಕ್‌ಗಳಿಗೆ ಇದು ಹೊಸದು ಅನ್ನಿಸಬಹುದು. ಆರ್‌ಎಕ್ಸ್ 100, ಯೆಜ್ಡಿ ಸಿಲಿಂಡರ್ ಒಳಗೆ ಎರಕದ ಕಬ್ಬಿಣ ಇರುತ್ತದೆ. ಸವೆದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುತ್ತೇವೆ, ಅಲ್ವಾ? ಇಲ್ಲಿ ಆ ದಾರಿ ಇಲ್ಲ. ಅಲ್ಯೂಮಿನಿಯಂ ಸಿಲಿಂಡರ್‌ನ ಒಳಮೈಗೆ ನಿಕಸಿಲ್ ಅನ್ನುವ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪನ ಇರುತ್ತದೆ. ತುಂಬಾ ತೆಳು, ತುಂಬಾ ಗಟ್ಟಿ. ಹಾಳಾದರೆ ಹಳೆಯ ಲೇಪನ ಪೂರ್ತಿ ತೆಗೆಸಿ ಹೊಸದು ಮಾಡಿಸಬೇಕು. ಪಿಸ್ಟನ್ ಮೂಲ ಅಳತೆಯದ್ದೇ. ಎರಡೂ ಸಿಲಿಂಡರ್ ಕಳಿಸಿದೆ, ಪಿಸ್ಟನ್‌ಗಳನ್ನೂ ಜೊತೆಗೇ ಕಳಿಸಿ ಅವಕ್ಕೆ ಹೊಂದುವಂತೆ ಹಾನ್ (ಒಳಮೈ ಉಜ್ಜಿ ಅಳತೆಗೆ ತರುವುದು) ಮಾಡಿಸಿದೆ. ವಾಪಸ್ ಬರಲು ಮೂರು ವಾರ ಹಿಡಿಯಿತು.

ಬಂದ ಮೇಲೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬ್ರಷ್ ಹಾಕಿ ತಿಕ್ಕಿದೆ. ಪೆಟ್ರೋಲ್‌ನಲ್ಲಿ ತೊಳೆದರೆ ಹಾನಿಂಗ್ ಪುಡಿ ಹೋಗುವುದಿಲ್ಲ. ಬಿಳಿ ಬಟ್ಟೆಗೆ ಎಣ್ಣೆ ಮುಟ್ಟಿಸಿ ಗೋಡೆ ಒರೆಸಿದಾಗ ಬಟ್ಟೆ ಬೆಳ್ಳಗೇ ಉಳಿಯುವವರೆಗೂ ತೊಳೆಯಬೇಕು. ಮೊದಲ ಸಲ ಒರೆಸಿದಾಗ ಬೂದುಬಣ್ಣ ಬಂತು, ಮತ್ತೆ ತೊಳೆದೆ. ಪೋರ್ಟ್ ಅಂಚುಗಳಲ್ಲಿ ಪುಡಿ ಜಾಸ್ತಿ ನಿಲ್ಲುತ್ತದೆ.

ಅಳತೆಗಳು ಹೀಗಿವೆ. ಪಿಸ್ಟನ್ ಮತ್ತು ಗೋಡೆ ನಡುವೆ 0.13 ಮಿ.ಮೀ. ಫೋರ್ಜ್ಡ್ ಪಿಸ್ಟನ್ ಆದ್ದರಿಂದ ಸ್ವಲ್ಪ ಸಡಿಲ ಬೇಕು, ಬಿಸಿಗೆ ಜಾಸ್ತಿ ಹಿಗ್ಗುತ್ತದೆ. ರಿಂಗ್ ಗ್ಯಾಪ್ 0.46 ಮಿ.ಮೀ. ಟರ್ಬೋ ಮನಸ್ಸಿನಲ್ಲಿಟ್ಟುಕೊಂಡೇ ಇಷ್ಟು ಬಿಟ್ಟೆ. ಬೂಸ್ಟ್‌ನಲ್ಲಿ ರಿಂಗ್ ಕಾದು ಹಿಗ್ಗಿ ಎರಡು ತುದಿ ಒಂದಕ್ಕೊಂದು ತಾಗಿದರೆ ಗೋಡೆ ಕಿತ್ತು ಬರುತ್ತದೆ. ರಿಂಗನ್ನು ಬೋರ್ ಒಳಗಿಟ್ಟು, ಪಿಸ್ಟನ್ ತಲೆಯಿಂದ ಸಮವಾಗಿ ತಳ್ಳಿ, ಫೀಲರ್ ಗೇಜ್ ಹಾಕಿ ನೋಡಬೇಕು. ಕಮ್ಮಿ ಇದ್ದರೆ ಸಣ್ಣ ಅರದಿಂದ ಹೊರಗಿನಿಂದ ಒಳಮುಖವಾಗಿ ಮಾತ್ರ ಉಜ್ಜಬೇಕು. ಕ್ರ್ಯಾಂಕ್ ಓರೆ ಡಯಲ್ ಗೇಜ್‌ನಲ್ಲಿ 0.03 ಮಿ.ಮೀ. ಬಂತು, ಅದನ್ನು ಮುಟ್ಟಲಿಲ್ಲ.

ಜೋಡಿಸಿದ ಮೇಲೆ ಸ್ಕ್ವಿಶ್ ನೋಡಿದೆ, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಅಂಚಿಗೂ ಹೆಡ್‌ಗೂ ನಡುವೆ ಉಳಿಯುವ ಅಂತರ. ಪ್ಲಗ್ ತೂತಿನಿಂದ ಸಾಲ್ಡರ್ ತಂತಿಯನ್ನು ಸಿಲಿಂಡರ್ ಗೋಡೆ ಮುಟ್ಟುವ ಹಾಗೆ ಇಳಿಸಿ, ಎಂಜಿನ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯುವುದು. ಒಂದು ಕಡೆ 1.52 ಮಿ.ಮೀ., ಇನ್ನೊಂದು ಕಡೆ 1.71. ಇಷ್ಟು ವ್ಯತ್ಯಾಸ ಇರಬಾರದು. ಮತ್ತೆ ಬಿಚ್ಚಿದಾಗ ಒಂದು ಸಿಲಿಂಡರ್ ಕೆಳಗೆ ಹಳೆಯ ಗ್ಯಾಸ್ಕೆಟ್‌ನ ತೆಳು ಪೊರೆ ಡವೆಲ್ ಪಿನ್ ಸುತ್ತ ಉಂಗುರದ ಆಕಾರದಲ್ಲಿ ಉಳಿದಿತ್ತು. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ಮತ್ತೆ ಕಟ್ಟಿದೆ. ಈಗ 1.52, 1.54.

ಎಲ್ಲ ಬಿಗಿದ ಮೇಲೆ ಅದೇ 6 ಪಿಎಸ್‌ಐ ಗಾಳಿ ಪರೀಕ್ಷೆ. ಮುಳ್ಳು ಅಲ್ಲಾಡಲಿಲ್ಲ. ಈ ಪರೀಕ್ಷೆ ಮುಗಿಯದೆ ಎಂಜಿನ್ ಸ್ಟಾರ್ಟ್ ಮಾಡಬಾರದು ಅನ್ನುವುದು ನನ್ನ ಕಟ್ಟುನಿಟ್ಟು.

ಹಂತ 3: ಗ್ಯಾರೇಜ್‌ನಲ್ಲಿ ಮೊದಲ ಸ್ಟಾರ್ಟ್

ಆಯಿಲ್ ಪಂಪ್‌ನಲ್ಲಿ ಗಾಳಿ ಇಲ್ಲದಂತೆ ಹರಿಸಿದೆ. ಪಂಪಿನಿಂದ ಹೊರಡುವ ತೆಳು ಪೈಪಿನಲ್ಲಿ ಒಂದೇ ಒಂದು ಗುಳ್ಳೆಯೂ ಉಳಿಯಬಾರದು. ಟ್ಯಾಂಕಿಗೆ ಪ್ರೀಮಿಕ್ಸ್ ಹಾಕಿದೆ: 20 ಲೀಟರ್ ಪೆಟ್ರೋಲ್‌ಗೆ 500 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್, ಅಂದರೆ 40ಕ್ಕೆ 1. ಪಂಪ್ ಕೊಡುವ ಎಣ್ಣೆಯ ಮೇಲೆ ಇದು ಹೆಚ್ಚುವರಿ. ಬಂಕ್‌ನಲ್ಲಿ ಅಳತೆ ಡಬ್ಬಿಯಿಂದ ಎಣ್ಣೆ ಹೊಯ್ಯಿಸಿಕೊಂಡು ಗಾಡಿ ಅಲ್ಲಾಡಿಸುತ್ತಿದ್ದ ಕಾಲದವರಿಗೆ ಇದನ್ನು ವಿವರಿಸುವುದೇ ಬೇಡ.

ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದು, ಸ್ಲೆಡ್‌ನ ಹಿಂಭಾಗ ಸ್ಟ್ಯಾಂಡ್ ಮೇಲೆ ಎತ್ತಿ, ಎಕ್ಸಾಸ್ಟ್ ಹೊರಗೆ ಮಾಡಿ ಸ್ಟಾರ್ಟ್ ಮಾಡಿದೆ. ಚಳಿ ಅಂತ ಬಾಗಿಲು ಅರ್ಧ ಮುಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಐಡಲ್‌ನಲ್ಲೇ ಬಿಟ್ಟು, ಆಗಾಗ ಥ್ರಾಟಲ್ ಸ್ವಲ್ಪ ಮುಟ್ಟಿ, ಕೂಲೆಂಟ್ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 50 ಸೆಲ್ಸಿಯಸ್ ದಾಟಿದ ಮೇಲೆ ಆಫ್ ಮಾಡಿದೆ. ಎಂಜಿನ್ ಮೈ ಮುಟ್ಟಿದರೆ ತಣ್ಣಗಿರಬೇಕು, ಅಲ್ಲಿಯವರೆಗೆ ಕಾಯಬೇಕು. ಮತ್ತೆ ಸ್ಟಾರ್ಟ್, ಮತ್ತೆ ತಣಿಸುವುದು. ಕೊನೆಯ ಸಲ ತಣ್ಣಗಾದ ಮೇಲೆ ಹೆಡ್ ಬೋಲ್ಟ್‌ಗಳ ಬಿಗಿ, ಕೂಲೆಂಟ್ ಮಟ್ಟ, ಹೋಸ್ ಕ್ಲ್ಯಾಂಪ್‌ಗಳನ್ನು ನೋಡಿದೆ. ಕೂಲೆಂಟ್ ಸುಮಾರು ಕಾಲು ಲೀಟರ್ ಇಳಿದಿತ್ತು, ಒಳಗೆ ಸಿಕ್ಕಿದ್ದ ಗಾಳಿ ಹೊರಬಂದಿದ್ದರಿಂದ.

ಹಂತ 4: ಹಿಮದ ಮೇಲೆ ರನ್ನಿಂಗ್-ಇನ್ (ಡಿಸೆಂಬರ್, ಜನವರಿ)

ಎಲ್ಲರೂ ಬೇಸರ ಪಡುವ ಹಂತ ಇದೇ. ನನಗೆ ಇದೇ ಇಷ್ಟವಾದ ಹಂತ. ಹೊಸ ರಿಂಗ್ ಗೋಡೆಗೆ ಹೊಂದಿಕೊಳ್ಳುವುದು ಇಲ್ಲೇ.

ಮೈಸೂರಿನಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ಅವರು ಯೆಜ್ಡಿ ಎಂಜಿನ್ ಕಟ್ಟಿ ಪಳಗಿದವರು. ಸ್ನೋಮೊಬೈಲ್ ಅವರು ನೋಡಿಲ್ಲ, ಆದರೆ ಮೊದಲ ಮಾತಿಗೇ ವಿಷಯಕ್ಕೆ ಬಂದರು. "ನೋಡಪ್ಪಾ, ನಿಧಾನವಾಗಿ ಓಡಿಸು ಅಂತ ಒಂದೇ ಸ್ಪೀಡಲ್ಲಿ ಓಡಿಸ್ಕೊಂಡು ಹೋಗ್ಬೇಡ. ಏರಿಸು, ಇಳಿಸು. ಚಾಮುಂಡಿ ಬೆಟ್ಟದಿಂದ ಇಳಿಯೋವಾಗ ಥ್ರಾಟಲ್ ಮುಚ್ಕೊಂಡೇ ಬಂದ್ರೆ ಏನಾಗುತ್ತೆ ಗೊತ್ತಲ್ಲ? ಪೆಟ್ರೋಲ್ ಹೋಗ್ದೇ ಇದ್ರೆ ಎಣ್ಣೆನೂ ಹೋಗಲ್ಲ." ಈ ಎರಡೂ ಮಾತು ಇಲ್ಲಿಗೂ ಹಾಗೇ ಅನ್ವಯಿಸುತ್ತವೆ. ಉದ್ದನೆಯ ಇಳಿಜಾರಿನಲ್ಲಿ ಆಗಾಗ ಥ್ರಾಟಲ್ ಸ್ವಲ್ಪ ಒತ್ತಿ ಬಿಡುತ್ತಾ ಇಳಿದೆ.

ಮೊದಲ ಟ್ಯಾಂಕ್ ಪೂರ್ತಿ ಸಮ ಮಾಡಿದ ದಾರಿಯ ಮೇಲೇ ಓಡಿಸಿದೆ. ಮೆತ್ತನೆಯ ಆಳದ ಹಿಮಕ್ಕೆ ಇಳಿಯಲಿಲ್ಲ. ಅಲ್ಲಿ ಟ್ರ್ಯಾಕ್ ಮುಳುಗಿ ಎಂಜಿನ್‌ಗೆ ಭಾರ ಬೀಳುತ್ತದೆ, ಎಷ್ಟು ಬೇಡವೆಂದರೂ ಬೆರಳು ಪೂರ್ತಿ ಥ್ರಾಟಲ್‌ಗೆ ಹೋಗುತ್ತದೆ. ಅರ್ಧ ಥ್ರಾಟಲ್ ಒಳಗೇ ಏರಿಳಿತ, ಮಧ್ಯೆ ಮಧ್ಯೆ ಮುಕ್ಕಾಲು ಥ್ರಾಟಲ್‌ಗೆ ಎರಡು ಮೂರು ಸೆಕೆಂಡ್ ಒತ್ತಿ ಬಿಡುವುದು. ಕಾಲು ಗಂಟೆಗೊಮ್ಮೆ ನಿಲ್ಲಿಸಿ ತಣಿಸುವುದು. ಎರಡನೆಯ ಟ್ಯಾಂಕ್‌ನಲ್ಲಿ ಪ್ರೀಮಿಕ್ಸ್ ಬಿಟ್ಟೆ, ಪೂರ್ತಿ ಥ್ರಾಟಲ್ ಕೆಲವೇ ಸೆಕೆಂಡ್ ಮುಟ್ಟಿದೆ. ಬೆಲ್ಟ್ ಕೂಡ ಹೊಸದು, ಅದಕ್ಕೂ ಮೊದಲ 50 ಕಿಲೋಮೀಟರ್ ಹದ ಬೇಕು. ಎರಡೂ ಒಟ್ಟಿಗೇ ಆಗುತ್ತದೆ.

ಇಲ್ಲಿ ಹೊಸಬರಿಗೆ ಗೊತ್ತಾಗದ ಒಂದು ತೊಂದರೆ ಇದೆ. ಸ್ನೋಮೊಬೈಲ್‌ಗೆ ಕಾರಿನ ಥರ ಫ್ಯಾನ್ ಇರುವ ರೇಡಿಯೇಟರ್ ಇಲ್ಲ. ಟ್ರ್ಯಾಕ್ ಮೇಲಿನ ಟನಲ್ ಒಳಗೆ ಅಲ್ಯೂಮಿನಿಯಂ ಕೂಲರ್ ಇರುತ್ತದೆ. ಟ್ರ್ಯಾಕ್ ಎರಚುವ ಹಿಮವೇ ಅದನ್ನು ತಂಪು ಮಾಡಬೇಕು. ಗಟ್ಟಿ ಐಸ್ ದಾರಿಯಲ್ಲಿ ಹಿಮ ಎರಚುವುದಿಲ್ಲ, ಟೆಂಪರೇಚರ್ ಏರುತ್ತಲೇ ಹೋಗುತ್ತದೆ. ಅದಕ್ಕೆ ಐಸ್ ಸ್ಕ್ರ್ಯಾಚರ್ ಅನ್ನುವ ಸ್ಪ್ರಿಂಗ್ ಕಡ್ಡಿಗಳಿವೆ, ದಾರಿ ಕೆರೆದು ಹಿಮದ ಪುಡಿ ಮೇಲೆ ಚಿಮ್ಮಿಸುತ್ತವೆ. ರನ್ನಿಂಗ್-ಇನ್ ಉದ್ದಕ್ಕೂ ಅವನ್ನು ಇಳಿಸಿಯೇ ಓಡಿಸಿದೆ.

ಇದರ ಉಲ್ಟಾ ತೊಂದರೆಯೂ ಇದೆ: ಕೋಲ್ಡ್ ಸೀಜ್. ಮೈನಸ್ 15ರಲ್ಲಿ ಸ್ಟಾರ್ಟ್ ಮಾಡಿ ತಕ್ಷಣ ಥ್ರಾಟಲ್ ಒತ್ತಿದರೆ ಪಿಸ್ಟನ್ ಬೇಗ ಹಿಗ್ಗುತ್ತದೆ, ಸುತ್ತಲಿನ ಸಿಲಿಂಡರ್ ಇನ್ನೂ ತಣ್ಣಗಿರುತ್ತದೆ. ಪಿಸ್ಟನ್ ನಾಲ್ಕು ಮೂಲೆಗಳಲ್ಲಿ ಕಚ್ಚಿಕೊಳ್ಳುತ್ತದೆ. ಫೋರ್ಜ್ಡ್ ಪಿಸ್ಟನ್‌ಗೆ ಈ ಅಪಾಯ ಇನ್ನೂ ಜಾಸ್ತಿ. ಕೂಲೆಂಟ್ 50 ಸೆಲ್ಸಿಯಸ್ ದಾಟದೆ ನಾನು ಹೊರಡುವುದೇ ಇಲ್ಲ, ಜೊತೆಯವರು ಎಷ್ಟೇ ಅವಸರ ಮಾಡಲಿ.

ಹಂತ 5: ಟರ್ಬೋ ಮುಂಚಿನ ಲೆಕ್ಕ

ಕಿಟ್ ಗ್ಯಾರೇಜ್‌ನಲ್ಲೇ ಕಾಯುತ್ತಿತ್ತು, ಆದರೂ ಕೆಲವು ನಂಬರ್ ಬರೆದಿಟ್ಟುಕೊಳ್ಳದೆ ಅದನ್ನು ಮುಟ್ಟಲಿಲ್ಲ. ಕಂಪ್ರೆಷನ್ ವ್ಯತ್ಯಾಸ ಈಗ 2 ಪಿಎಸ್‌ಐ. ಫ್ಯೂಯಲ್ ಪ್ರೆಷರ್ 58 ಪಿಎಸ್‌ಐ, ಪೂರ್ತಿ ಥ್ರಾಟಲ್‌ನಲ್ಲೂ ಕದಲಲಿಲ್ಲ. 9,000 ಅಡಿಯಲ್ಲಿ ಪೂರ್ತಿ ಥ್ರಾಟಲ್ ಆರ್‌ಪಿಎಂ 8,200. ವೈಡ್‌ಬ್ಯಾಂಡ್ ಸೆನ್ಸರ್ (ಎಕ್ಸಾಸ್ಟ್‌ನಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್) ಹಾಕಿ ಗಾಳಿ-ಪೆಟ್ರೋಲ್ ಅನುಪಾತವನ್ನೂ ಬರೆದುಕೊಂಡೆ. ಸಣ್ಣ ಕ್ಯಾಮೆರಾವನ್ನು ಪ್ಲಗ್ ತೂತಿನಿಂದ ಇಳಿಸಿ ಪಿಸ್ಟನ್ ತಲೆಯ ಫೋಟೋ ತೆಗೆದೆ. ಟ್ರಾನ್ಸ್‌ಫರ್ ಪೋರ್ಟ್‌ಗಳ ಎದುರು ಮಸಿ ತೊಳೆದುಹೋದ ಜಾಗ ಎರಡರಲ್ಲೂ ಒಂದೇ ಅಳತೆ ಇತ್ತು. ಆ ತೊಳೆದ ಜಾಗ ಚಿಕ್ಕದಾಗುತ್ತಾ ಹೋದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ.

ಬೂಸ್ಟ್ ಹಾಕಿದ ಮೇಲೆ ಏನಾದರೂ ಬದಲಾದರೆ, ಟರ್ಬೋದಿಂದಲೋ ಹಳೆಯದೋ ಅಂತ ಈ ನಂಬರ್‌ಗಳು ಹೇಳುತ್ತವೆ. ಪಿಸ್ಟನ್ ಮತ್ತು ಟರ್ಬೋ ಒಂದೇ ವಾರದಲ್ಲಿ ಹಾಕಿ ಬೆಟ್ಟಕ್ಕೆ ಹೋಗುವವರಿಗೆ ಈ ಅನುಕೂಲ ಇರುವುದಿಲ್ಲ.

ಹಂತ 6: ಟರ್ಬೋ ಕೂರಿಸಿದ್ದು (ಜನವರಿ ಕೊನೆ)

ಕಿಟ್ ಕೂಡ ಸೆಕೆಂಡ್ ಹ್ಯಾಂಡ್. ತೆಗೆದುಕೊಳ್ಳುವ ಮುಂಚೆ ಟರ್ಬೋದ ಶಾಫ್ಟ್ ಹಿಡಿದು ನೋಡಿದೆ. ಹಿಂದೆ ಮುಂದೆ ಎಳೆದರೆ ಆಟ ಇರಬಾರದು, ಬ್ಲೇಡ್ ಅಂಚು ಮುರಿದಿರಬಾರದು, ಬ್ಲೇಡ್ ಗೂಡಿನ ಗೋಡೆಗೆ ಉಜ್ಜಿದ ಗುರುತು ಇರಬಾರದು.

ಟೂ-ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್ ಹೊಟ್ಟೆಪೈಪ್ ತನ್ನ ಅಲೆಗಳಿಂದಲೇ ಎಂಜಿನ್ ಉಸಿರಾಟ ನಡೆಸುತ್ತದೆ. ಅದನ್ನು ಕತ್ತರಿಸುವ ಹಾಗಿಲ್ಲ. ಪೈಪ್ ಮುಗಿದ ಮೇಲೆ, ಸೈಲೆನ್ಸರ್ ಇದ್ದ ಜಾಗದಲ್ಲಿ ಟರ್ಬೋ ಕೂರುತ್ತದೆ. ಅಲ್ಲಿಂದ ತಣ್ಣನೆಯ ಕಡೆಯ ಪೈಪ್ ಮೇಲೆ ಬಂದು, ಏರ್‌ಬಾಕ್ಸ್ ಬದಲು ಹಾಕಿದ ಅಲ್ಯೂಮಿನಿಯಂ ಪೆಟ್ಟಿಗೆಗೆ ಸೇರುತ್ತದೆ. ಅದರ ಮುಂದೆ ಥ್ರಾಟಲ್ ಬಾಡಿ. ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಎಕ್ಸಾಸ್ಟ್ ಹೊಗೆಯನ್ನು ಬೇರೆ ದಾರಿಗೆ ಬಿಡುವ ಬಾಗಿಲು) ಸ್ಪ್ರಿಂಗ್ 4 ಪಿಎಸ್‌ಐನದ್ದು, ಅದಕ್ಕಿಂತ ಮೇಲಿನ ಬೂಸ್ಟ್ ಬರುವುದು ಕಂಟ್ರೋಲರ್‌ನಿಂದ.

ಫ್ಯೂಯಲ್ ರೆಗ್ಯುಲೇಟರ್‌ಗೆ ಬೂಸ್ಟ್ ಪೈಪ್ ಜೋಡಿಸುವುದು ಮರೆಯಬಾರದ ಕೆಲಸ. ಒಳಗೆ 6 ಪಿಎಸ್‌ಐ ಎದುರು ಒತ್ತಡ ಇದ್ದಾಗ ಪೆಟ್ರೋಲ್ ಒತ್ತಡವೂ 58ರಿಂದ 64ಕ್ಕೆ ಏರಬೇಕು. ಇಲ್ಲದಿದ್ದರೆ ಜಾಸ್ತಿ ಪೆಟ್ರೋಲ್ ಬೇಕಾದ ಹೊತ್ತಿಗೇ ಇಂಜೆಕ್ಟರ್ ಕಮ್ಮಿ ಕೊಡುತ್ತದೆ. ಇದರ ಮೇಲೆ ಇನ್ನೊಂದು ಜೋಡಿ ಇಂಜೆಕ್ಟರ್, ಅದಕ್ಕೊಂದು ಫ್ಯೂಯಲ್ ಕಂಟ್ರೋಲರ್ ಕಿಟ್‌ನಲ್ಲೇ ಇದ್ದವು.

ತಲೆನೋವು ಕೊಟ್ಟಿದ್ದು ಟರ್ಬೋದ ಎಣ್ಣೆ. ಟೂ-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಸಂಪ್ ಇಲ್ಲವಲ್ಲ. ಆದ್ದರಿಂದ ಟರ್ಬೋಗೆ ಬೇರೆಯೇ ಸಣ್ಣ ಟ್ಯಾಂಕ್, ಎಲೆಕ್ಟ್ರಿಕ್ ಪಂಪ್. ಮೊದಲ ಸ್ಟಾರ್ಟ್‌ನಲ್ಲಿ ನೀಲಿ ಹೊಗೆ ದಟ್ಟವಾಗಿ ಬಂತು. ಟೂ-ಸ್ಟ್ರೋಕ್ ಹೊಗೆ ಹೇಗಿದ್ದರೂ ಇರುತ್ತದೆ, ಆದರೆ ಇದು ಎಂಜಿನ್ ಬಿಸಿಯಾದ ಮೇಲೂ ನಿಲ್ಲಲಿಲ್ಲ. ಟರ್ಬೋ ಸೀಲ್ ಹೋಗಿದೆ ಅಂತ ಅಂದುಕೊಂಡು ಅದನ್ನೇ ಇಳಿಸಿದೆ. ಸೀಲ್ ಚೆನ್ನಾಗಿತ್ತು. ಟಾರ್ಚ್ ಹಾಕಿ ಎಣ್ಣೆ ವಾಪಸ್ ಹೋಗುವ ಪೈಪ್ ಹಿಂಬಾಲಿಸಿದಾಗ ಬ್ಯಾಟರಿ ಬ್ರ್ಯಾಕೆಟ್ ಕೆಳಗೆ ಅದು ಮಡಚಿಕೊಂಡಿದ್ದು ಕಂಡಿತು. ಹೊರಗಿನಿಂದ ನೋಡಿದರೆ ಗೊತ್ತಾಗದು, ಬೆರಳಿನಿಂದ ಒತ್ತಿದರೆ ಚಪ್ಪಟೆ. ಎಣ್ಣೆ ಇಳಿಯಲು ಜಾಗವಿಲ್ಲದೆ ಸೀಲ್ ದಾಟಿ ಎಕ್ಸಾಸ್ಟ್‌ಗೆ ಬರುತ್ತಿತ್ತು. ಬ್ರ್ಯಾಕೆಟ್‌ನ ಮೂಲೆ ಕತ್ತರಿಸಿ, ಪೈಪ್ ಉದ್ದಕ್ಕೂ ಇಳಿಜಾರು ಇರುವಂತೆ ಮಾಡಿದೆ. ಹೊಗೆ ನಿಂತಿತು.

ಟರ್ಬೋದ ಬಿಸಿ ಕಡೆಗೆ ಹೀಟ್ ಬ್ಲ್ಯಾಂಕೆಟ್, ಹತ್ತಿರದ ಪ್ಲಾಸ್ಟಿಕ್ ಬಾಡಿಗೆ ಒಳಗಿನಿಂದ ಫಾಯಿಲ್ ಹಾಳೆ, ಪೆಟ್ರೋಲ್ ಪೈಪ್‌ಗೆ ಹೀಟ್ ತೋಳು. ಇದರಲ್ಲಿ ದುಡ್ಡು ಉಳಿಸಬಾರದು. ಕಾಡಿನ ನಡುವೆ ಸ್ಲೆಡ್‌ಗೆ ಬೆಂಕಿ ಬಿದ್ದರೆ ನಡೆದೇ ವಾಪಸ್ ಬರಬೇಕು.

ಹಂತ 7: ಸೋರಿಕೆ ಹುಡುಕಾಟ

ಹಾರ್ಡ್‌ವೇರ್ ಅಂಗಡಿಯಿಂದ ಒಂದು ಪಿವಿಸಿ ಕ್ಯಾಪ್ ತಂದು, ಅದಕ್ಕೆ ಟೈರ್ ವಾಲ್ವ್ ಕೂರಿಸಿ, ಟರ್ಬೋದ ಗಾಳಿ ಎಳೆಯುವ ಬಾಯಿಗೆ ಹೋಸ್ ಕ್ಲ್ಯಾಂಪ್‌ನಿಂದ ಬಿಗಿದೆ. ಐದಾರು ಡಾಲರ್ ಖರ್ಚು. ಸೈಕಲ್ ಪಂಪಿನಿಂದ 8 ಪಿಎಸ್‌ಐ ತುಂಬಿ, ಎಲ್ಲ ಜೋಡಣೆಗೂ ಸೋಪಿನ ನೀರು ಚಿಮುಕಿಸಿದೆ. ಥ್ರಾಟಲ್ ಶಾಫ್ಟ್ ಹತ್ತಿರ ತುಸು ಗುಳ್ಳೆ, ಅದು ಸಹಜ. ಪೆಟ್ಟಿಗೆಯ ವೆಲ್ಡಿಂಗ್‌ನಲ್ಲಿ ಒಂದು ಕಡೆ ಬುಸುಗುಡುತ್ತಿತ್ತು. ಅದನ್ನು ಮತ್ತೆ ವೆಲ್ಡ್ ಮಾಡಿಸಿದೆ. ಸಿಲಿಕಾನ್ ಕಪ್ಲರ್‌ಗಳಿಗೆ ಸಾದಾ ಕ್ಲ್ಯಾಂಪ್ ತೆಗೆದು ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿದೆ.

ಹಂತ 8: ಪೆಟ್ರೋಲ್ ಮತ್ತು ಬೂಸ್ಟ್ (ಫೆಬ್ರವರಿ)

ಯೂಟಾದ ಬಂಕ್‌ಗಳಲ್ಲಿ ಸಾದಾ ಪೆಟ್ರೋಲ್ 85 ಆಕ್ಟೇನ್, ಪ್ರೀಮಿಯಂ 91. ಊರಿನವರು ಒಂದು ವಿಷಯ ಗಮನಿಸಬೇಕು. ನಮ್ಮಲ್ಲಿ 91 ಅಂದರೆ ರಿಸರ್ಚ್ ಆಕ್ಟೇನ್. ಅಮೆರಿಕದ ಬಂಕ್ ನಂಬರ್ ರಿಸರ್ಚ್ ಮತ್ತು ಮೋಟಾರ್ ಆಕ್ಟೇನ್‌ಗಳ ಸರಾಸರಿ. ಇಲ್ಲಿನ 91 ನಮ್ಮ ಲೆಕ್ಕದಲ್ಲಿ 95ರ ಹತ್ತಿರ ಬರುತ್ತದೆ.

ಟ್ಯೂನ್ ಮಾಡುವಾಗ ಅರ್ಧ 91, ಅರ್ಧ 100 ಆಕ್ಟೇನ್ ರೇಸ್ ಪೆಟ್ರೋಲ್ ಬೆರೆಸಿದೆ. ರೇಸ್ ಪೆಟ್ರೋಲ್ ಸೀಸ ಇಲ್ಲದ್ದೇ ಆಗಬೇಕು. ಸೀಸ ವೈಡ್‌ಬ್ಯಾಂಡ್ ಸೆನ್ಸರನ್ನು ಕೊಲ್ಲುತ್ತದೆ. ಟೂ-ಸ್ಟ್ರೋಕ್ ಎಣ್ಣೆಗೂ ಆ ಸೆನ್ಸರ್ ಬೇಗ ಸೋಲುತ್ತದೆ, ಆದ್ದರಿಂದ ಟರ್ಬೋ ದಾಟಿದ ಮೇಲೆ ಕೂರಿಸಿದ್ದೇನೆ. ಒಂದು ಸೆನ್ಸರ್ ಕೈಯಲ್ಲಿ ಇಟ್ಟುಕೊಂಡಿದ್ದೇನೆ.

ಪ್ಲಗ್ ಒಂದು ನಂಬರ್ ತಣ್ಣನೆಯದು: ಎನ್‌ಜಿಕೆಯಲ್ಲಿ 9ರ ಬದಲು 10. ಗ್ಯಾಪ್ 0.7ರಿಂದ 0.55 ಮಿ.ಮೀ.ಗೆ ಇಳಿಸಿದೆ. ಗ್ಯಾಪ್ ದೊಡ್ಡದಿದ್ದರೆ ಬೂಸ್ಟ್‌ನಲ್ಲಿ ಕಿಡಿ ಆರಿಹೋಗಿ ಎಂಜಿನ್ ಮಿಸ್ ಹೊಡೆಯುತ್ತದೆ.

ಮೊದಲು 4 ಪಿಎಸ್‌ಐ ಮಾತ್ರ, ಪೆಟ್ರೋಲ್ ಬೇಕೆಂದೇ ಜಾಸ್ತಿ. ಅನುಪಾತ 10.8 ತೋರಿಸಿತು. ಎಂಜಿನ್ ಮಂದವಾಗಿ, ಗೊಗ್ಗರು ದನಿಯಲ್ಲಿ ಓಡಿತು. ಅಲ್ಲಿಂದ ಪೆಟ್ರೋಲ್ ಸ್ವಲ್ಪ ಸ್ವಲ್ಪವೇ ಇಳಿಸಿ ಅನುಪಾತವನ್ನು 11.6ಕ್ಕೆ ತಂದೆ. ಪ್ರತಿ ಸಲ ಒಂದೇ ಬದಲಾವಣೆ. ಆಮೇಲೆ ಒಂದು ಓಟ, ಪೂರ್ತಿ ಥ್ರಾಟಲ್‌ನಲ್ಲೇ ಕಿಲ್ ಸ್ವಿಚ್ ಒತ್ತಿ ನಿಲ್ಲಿಸಿ ಪ್ಲಗ್ ತೆಗೆದು ಭೂತಗನ್ನಡಿಯಲ್ಲಿ ನೋಡುವುದು. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕೆ ಅಥವಾ ಹೊಳೆಯುವ ಅಲ್ಯೂಮಿನಿಯಂ ಕಣ ಕಂಡರೆ ಡಿಟೋನೇಷನ್ (ಮಿಶ್ರಣ ಹದವಾಗಿ ಉರಿಯದೆ ಒಮ್ಮೆಲೇ ಸಿಡಿಯುವುದು), ಅಲ್ಲಿಗೆ ನಿಲ್ಲಿಸಬೇಕು. 4ರಲ್ಲಿ ಏನೂ ಕಾಣಲಿಲ್ಲ. 6ಕ್ಕೆ ಏರಿಸಿದಾಗ ಒಂದು ಪ್ಲಗ್‌ನಲ್ಲಿ ಕೆಲವು ಚುಕ್ಕೆ ಕಂಡವು. ಪೆಟ್ರೋಲ್ ಶೇಕಡ 4 ಜಾಸ್ತಿ ಮಾಡಿ, ಅನುಪಾತ 11.3ರಲ್ಲಿ ಇಟ್ಟ ಮೇಲೆ ಪಿಂಗಾಣಿ ಸ್ವಚ್ಛವಾಯಿತು. ಅಲ್ಲೇ ಬಿಟ್ಟಿದ್ದೇನೆ.

ಬೂಸ್ಟ್ ಬಂದರೆ ಗಾಳಿಯೂ ಕಾಯುತ್ತದೆ. ಹೊರಗೆ ಮೈನಸ್ 8 ಇದ್ದಾಗ ಪೆಟ್ಟಿಗೆಯ ಒಳಗಿನ ಗಾಳಿ 45 ದಾಟಿತ್ತು. ಉದ್ದನೆಯ ಏರು ಹತ್ತುವಾಗ ಇದೇ ನನ್ನ ಮಿತಿ.

ಹಂತ 9: ಕ್ಲಚ್ ಮತ್ತು ಬೆಲ್ಟ್

ಬೂಸ್ಟ್ ಬಂದ ತಕ್ಷಣ ಆರ್‌ಪಿಎಂ 8,700ಕ್ಕೆ ಓಡಿತು. ಸದ್ದು ಜೋರು, ಎಳೆತ ಕಮ್ಮಿ. ಈ ಎಂಜಿನ್‌ನ ಪೈಪ್ ಕೆಲಸ ಮಾಡುವುದು 8,250ರ ಸುತ್ತ. ಪ್ರೈಮರಿ ಕ್ಲಚ್‌ನ ತೂಕಗಳು 9,000 ಅಡಿಯ ತೆಳು ಗಾಳಿಗೆ ಅಂತ 58 ಗ್ರಾಂ ಇದ್ದವು. ಈಗ ಎಂಜಿನ್ ಸಮುದ್ರಮಟ್ಟದಲ್ಲಿ ಇದ್ದ ಹಾಗೆ ಎಳೆಯುತ್ತಿದೆ. 62 ಹಾಕಿದರೆ 8,450. 66 ಹಾಕಿದ ಮೇಲೆ 8,200ಕ್ಕೆ ನಿಂತಿತು.

ಆಮೇಲೆ ಒಂದು ಬೆಲ್ಟ್ ಹೋಯಿತು. ತುಂಡಾದ ಬೆಲ್ಟ್‌ನ ಒಂದೇ ಅಂಚು ನೂಲು ನೂಲಾಗಿತ್ತು, ಇನ್ನೊಂದು ಅಂಚು ಸರಿ ಇತ್ತು. ಅಂದರೆ ಎರಡು ಕ್ಲಚ್ ಒಂದೇ ನೇರದಲ್ಲಿಲ್ಲ. ಆದರೆ ನಿಂತ ಗಾಡಿಯಲ್ಲಿ ಅಳೆದರೆ ಎಲ್ಲ ಸರಿಯಾಗಿತ್ತು. ಎಂಜಿನ್ ಮೌಂಟ್ ಪಕ್ಕ ಚಾಕ್‌ಪೀಸ್‌ನಿಂದ ಗೆರೆ ಎಳೆದು, ಫೋನ್ ಕ್ಯಾಮೆರಾ ಕಟ್ಟಿ ಓಡಿಸಿದಾಗ ಗುಟ್ಟು ಬಯಲಾಯಿತು. ಥ್ರಾಟಲ್ ಒತ್ತಿದಾಗ ರಬ್ಬರ್ ಮೌಂಟ್ ಬಾಗಿ, ಎಂಜಿನ್ ಸೆಕೆಂಡರಿ ಕ್ಲಚ್ (ಬೆಲ್ಟ್‌ನ ಇನ್ನೊಂದು ತುದಿಯ ರಾಟೆ) ಕಡೆಗೆ ವಾಲುತ್ತಿತ್ತು. ಟಾರ್ಕ್ ಸ್ಟಾಪ್ ಅಂತ ಸಿಗುತ್ತದೆ, ಎಂಜಿನ್ ವಾಲದಂತೆ ತಡೆಯುವ ಸಣ್ಣ ತುಂಡು. ಅದನ್ನು ಅರ್ಧ ಮಿ.ಮೀ. ಅಂತರ ಬಿಟ್ಟು ಕೂರಿಸಿದೆ. ಅಲ್ಲಿಂದ ಈಚೆಗೆ ಆಗ ಹಾಕಿದ ಬೆಲ್ಟೇ ನಡೆಯುತ್ತಿದೆ. ಹತ್ತಿ ನಿಲ್ಲಿಸಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ 80 ಸೆಲ್ಸಿಯಸ್ ಒಳಗಿದೆ.

ಖರ್ಚು

ಸಿಲಿಂಡರ್ ಲೇಪನ ಎರಡಕ್ಕೆ 560 ಡಾಲರ್. ಪಿಸ್ಟನ್, ರಿಂಗ್, ಪಿನ್, ಬೇರಿಂಗ್, ಗ್ಯಾಸ್ಕೆಟ್ ಸೇರಿ 430. ಕ್ರ್ಯಾಂಕ್ ಸೀಲ್ ಮತ್ತು ಕೇಸ್ ಸಾಮಾನು 140. ಹಳೆಯ ಟರ್ಬೋ ಕಿಟ್ 3,100. ವೈಡ್‌ಬ್ಯಾಂಡ್ 210, ಫ್ಯೂಯಲ್ ಪ್ರೆಷರ್ ಗೇಜ್ 45. ಕ್ಲಚ್ ತೂಕ, ಸ್ಪ್ರಿಂಗ್, ಬೆಲ್ಟ್‌ಗಳು 420. ಟಾರ್ಕ್ ಸ್ಟಾಪ್ 90. ಹೋಸ್, ಕ್ಲ್ಯಾಂಪ್, ಹೀಟ್ ಬ್ಲ್ಯಾಂಕೆಟ್, ವೆಲ್ಡಿಂಗ್ 160. ಒಟ್ಟು 5,155 ಡಾಲರ್. ಪೆಟ್ರೋಲ್, ಎಣ್ಣೆ ಇದರಲ್ಲಿ ಸೇರಿಲ್ಲ. ಕೂಲಿ ನನ್ನದೇ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಟರ್ಬೋ ಹಾಕಿದ ಮೇಲೆ ಮುಂಚೆ ಹತ್ತಲಾಗದ ಇಳಿಜಾರುಗಳನ್ನು ಸ್ಲೆಡ್ ಹತ್ತುತ್ತದೆ. 30ರಿಂದ 45 ಡಿಗ್ರಿಯ ಆ ಇಳಿಜಾರುಗಳೇ ಹಿಮಕುಸಿತ (ಅವಲಾಂಚ್) ಜಾಸ್ತಿ ಆಗುವ ಜಾಗ. ಯೂಟಾ ಅವಲಾಂಚ್ ಸೆಂಟರ್‌ನ ಬೆಳಗಿನ ವರದಿ ಓದದೆ ಟ್ರೇಲರ್ ಕಟ್ಟಬೇಡಿ. ಬೀಕನ್ (ಹಿಮದಡಿ ಸಿಕ್ಕವರನ್ನು ಪತ್ತೆ ಮಾಡುವ ರೇಡಿಯೋ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಕೋಲು), ಸಲಿಕೆ ಮೈಮೇಲೇ ಇರಲಿ, ಸ್ಲೆಡ್ ಮೇಲಲ್ಲ. ಒಬ್ಬರೇ ಹೋಗಬೇಡಿ.

ಬಾಕಿ ಇರುವ ಕೆಲಸ

ಹೊಸ ಹಿಮ ಬಿದ್ದ ದಿನ ಟರ್ಬೋದ ಗಾಳಿ ಫಿಲ್ಟರ್‌ಗೆ ಹಿಮದ ಪುಡಿ ಕಟ್ಟಿಕೊಂಡು ಬೂಸ್ಟ್ 6ರಿಂದ 4ಕ್ಕೆ ಬೀಳುತ್ತಿದೆ. ಜಾಲರಿ ಬಟ್ಟೆಯ ಹೊದಿಕೆ ಹಾಕಿದರೆ ಸ್ವಲ್ಪ ವಾಸಿ, ಪೂರ್ತಿ ಪರಿಹಾರ ಅಲ್ಲ. ಫಿಲ್ಟರನ್ನು ಹ್ಯಾಂಡಲ್ ಕೆಳಗಿನ ಒಣ ಜಾಗಕ್ಕೆ ಒಯ್ಯಲು 3 ಇಂಚಿನ ಪೈಪ್ ಬಗ್ಗಿಸಲು ಕೊಟ್ಟಿದ್ದೇನೆ. ಅದು ಬಂದ ಮೇಲೆ ಪೆಟ್ರೋಲ್ ಲೆಕ್ಕವನ್ನು ಮತ್ತೆ 4 ಪಿಎಸ್‌ಐನಿಂದಲೇ ಶುರು ಮಾಡಬೇಕು. ಗಾಳಿ ಬರುವ ದಾರಿ ಬದಲಾದರೆ ಹಳೆಯ ನಂಬರ್ ನಂಬುವ ಹಾಗಿಲ್ಲ. 8 ಪಿಎಸ್‌ಐ ವಿಚಾರ ಈ ಚಳಿಗಾಲಕ್ಕೆ ಇಲ್ಲ.